ಒಂದು ಹನಿಯ ಆಯಸ್ಸು

21ನೇ ದಿನ ಬೀರುವಿನ ಬಾಗಿಲು ತೆಗೆದವಳು, ಕಂಕುಳಲ್ಲಿದ್ದ ಒಗೆದ ಬಟ್ಟೆಯ ಗಂಟು ಇಳಿಸುವುದನ್ನೂ ಮರೆತು ಹಾಗೇ ನಿಂತುಬಿಟ್ಟೆ.

ಮೂರು ವಾರದ ಹಿಂದೆ ನಾಲ್ಕು ಹತ್ತಿಯುಂಡೆಗಳ ಮೇಲೆ ನಾಲ್ಕು ಬಗೆಯ ಎಣ್ಣೆಯನ್ನು ಒಂದೊಂದೇ ಹನಿ ಬಿಟ್ಟಿದ್ದೆ. ಒಂದೊಂದನ್ನೂ ಪುಟ್ಟ ಬಟ್ಟೆಯ ಚೀಲದಲ್ಲಿ ಕಟ್ಟಿ, ಬೀರುವಿನ ನಾಲ್ಕು ಅರೆಗಳಲ್ಲಿ ದಿಂಬಿನ ಗವಸು, ಹೊದಿಕೆ, ಟವೆಲುಗಳ ನಡುವೆ ತುರುಕಿದ್ದೆ. ಮೇಲಿನ ಅರೆಗೆ ಕಿತ್ತಳೆ ಸಿಪ್ಪೆಯ ಎಣ್ಣೆ, ಅದರ ಕೆಳಗೆ ಮಲ್ಲಿಗೆ, ಮೂರನೆಯದಕ್ಕೆ ಲಾವಂಚ, ಎಲ್ಲಕ್ಕಿಂತ ಕೆಳಗೆ ಶ್ರೀಗಂಧ. ಅಂಗಡಿಯಲ್ಲಿ ಮೂಸಿದಾಗ ಕಿತ್ತಳೆ ಮೂಗಿಗೆ ನೆಗೆದು ಬಂದಿತ್ತು. ಶ್ರೀಗಂಧ ಮೂಸಿದಾಗ, ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಇಷ್ಟೇನಾ ಅನ್ನಿಸಿತ್ತು.

ಕಿತ್ತಳೆ ಎರಡನೇ ದಿನಕ್ಕೇ ಮಾಯ. ಮಲ್ಲಿಗೆ ವಾರ ತುಂಬುವವರೆಗೆ ಇದ್ದು ಮೆಲ್ಲಗೆ ಎದ್ದು ಹೋಯಿತು. ಲಾವಂಚ ಮಳೆಗಾಲದ ತೋಟದ ಹಾಗೆ ತಣ್ಣಗೆ ಕೂತಿತ್ತು. ಆದರೆ ಆ ಕೆಳಗಿನ ಅರೆ! ಅಂಗಡಿಯಲ್ಲಿ ಬಾಯೇ ಬಿಡದಿದ್ದ ಶ್ರೀಗಂಧ ಮೂರು ವಾರ ಹತ್ತಿಯ ನೂಲಿನೊಳಗೆ ಇಳಿದಿಳಿದು, ಮಡಿಸಿಟ್ಟ ಹೊದಿಕೆಯ ಪದರ ಪದರದಲ್ಲೂ ಹಾಲಿನ ಕೆನೆಯ ಹಾಗೆ ಹರಡಿಕೊಂಡಿತ್ತು. ಒಂದೇ ಒಂದು ಹನಿ! ಆ ಕ್ಷಣ ನನಗೆ ಹೊಳೆಯಿತು. ಸುಗಂಧ ತೈಲದ ಅಂಗಡಿಯಲ್ಲಿ ನಾವು ನಿಜವಾಗಿ ಕೊಳ್ಳುವುದು ಕಾಲವನ್ನು. ಯಾವ ಸೀಸೆಯಲ್ಲಿ ಎಷ್ಟು ಕಾಲ ತುಂಬಿದೆ ಅಂತ ತಿಳಿದರೆ ಸಾಕು, ಯಾವ ಕೋಣೆಗೆ ಯಾವುದು, ಯಾವ ಬಟ್ಟೆಗೆ ಯಾವುದು ಎಂಬುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಇದರ ಸುಳಿವು ಸಿಕ್ಕಿದ್ದು ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ. ಕುಂಕುಮದ ಗೋಪುರಗಳನ್ನೂ ಹೂವಿನ ಸಾಲನ್ನೂ ದಾಟಿದರೆ ಗೋಡೆ ತುಂಬ ಗಾಜಿನ ಸೀಸೆ ಜೋಡಿಸಿದ ಎಣ್ಣೆಯಂಗಡಿಗಳು. ವಯಸ್ಸಾದ ಅಂಗಡಿಯವರು ಗಾಜಿನ ಕಡ್ಡಿಯಿಂದ ನನ್ನ ಮಣಿಕಟ್ಟಿಗೊಂದು, ಮೊಣಕೈ ಹತ್ತಿರ ಇನ್ನೊಂದು ಗೆರೆ ಎಳೆದರು. ನಾನು ಮೂಸಿ ಬಾಯಿ ತೆರೆಯುವಷ್ಟರಲ್ಲೇ ತಡೆದರು.

“ಈಗ ಹೇಳ್ಬೇಡಿ ಅಮ್ಮ. ಮಾರ್ಕೆಟ್ ಒಂದ್ ಸುತ್ತು ಹಾಕ್ಕೊಂಡು, ಕಾಫಿ ಕುಡ್ಕೊಂಡು ಬನ್ನಿ. ಆಗ ಯಾವ್ದು ನಿಮ್ಮ ಜೊತೆಗಿದ್ಯೋ ಅದನ್ನ ತಗೊಳ್ಳಿ.”

ಸುತ್ತು ಹಾಕಿ ಬಂದೆ. ಮಣಿಕಟ್ಟಿನ ಗೆರೆ ಅಳಿದೇಹೋಗಿತ್ತು. ಮೊಣಕೈಯ ಹತ್ತಿರದ್ದು ಆಗಷ್ಟೇ ಕಣ್ಣು ಬಿಡುತ್ತಿತ್ತು! ಇನ್ನೊಂದು ಗುಟ್ಟನ್ನೂ ಅವರೇ ಹೇಳಿಕೊಟ್ಟರು. ಮೂರ್ನಾಲ್ಕು ಸೀಸೆ ಮೂಸುವಷ್ಟರಲ್ಲಿ ಮೂಗು ಸೋಲುತ್ತದೆ, ಆಗ ನಿಮ್ಮದೇ ಸೆರಗನ್ನೊಮ್ಮೆ ಮೂಸಿ ಅಂತ. ಸದಾ ಜೊತೆಗಿರುವ ನಮ್ಮ ಮೈವಾಸನೆಗೆ ಮೂಗು ಎಂದೋ ಒಗ್ಗಿಹೋಗಿದೆ. ಅಲ್ಲಿಗೆ ಮರಳಿದರೆ ಹಲಗೆ ಒರೆಸಿದ ಹಾಗೆ ಹಗುರ.

ಮನೆಗೆ ಬಂದು, ಒಂದು ಘಮ ಅಳಿದು ಇನ್ನೊಂದು ಉಳಿಯುವುದೇಕೆ ಅಂತ ಹುಡುಕಲು ಕೂತರೆ ಮತ್ತೊಂದು ಬೆರಗು. ಕಿತ್ತಳೆ ಸಿಪ್ಪೆಯ ಎಣ್ಣೆಯ ಮುಖ್ಯ ಅಂಶ ಲಿಮೊನೀನ್. ಅದರ ಅಣುವಿನಲ್ಲಿ 10 ಇಂಗಾಲದ ಪರಮಾಣು, ಅದು ಕುದಿಯುವುದು 176 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಶ್ರೀಗಂಧದ ಜೀವಾಳವಾದ ಸ್ಯಾಂಟಲಾಲ್‌ನಲ್ಲಿ 15 ಇಂಗಾಲ. ಅದನ್ನು ಕುದಿಸಲು 300 ಡಿಗ್ರಿಯ ಆಸುಪಾಸು ಬೇಕು. ಇರುವ ವ್ಯತ್ಯಾಸ ಐದು ಇಂಗಾಲ, ಎಂಟು ಹೈಡ್ರೋಜನ್, ಒಂದು ಆಮ್ಲಜನಕದ್ದು. ಅಷ್ಟಕ್ಕೇ ಒಂದು ಗಾಳಿಪಟವಾಗಿ ಹಾರಿಹೋಗುತ್ತದೆ, ಇನ್ನೊಂದು ಬೇರು ಬಿಟ್ಟು ಕೂರುತ್ತದೆ. ಹಗುರ ಅಣು ಬೇಗ ಮೂಗಿಗೆ ಬಂದು ಬೇಗ ಮುಗಿಯುತ್ತದೆ. ಭಾರದ ಅಣು ತಡವಾಗಿ ಬಂದು ತಡವಾಗಿ ಹೊರಡುತ್ತದೆ. ಇಡೀ ಸುಗಂಧಶಾಸ್ತ್ರದ ತಳಪಾಯ ಇಷ್ಟೇ, ಮನೆಯಲ್ಲಿ ಕಲಿಯಬೇಕಾದದ್ದೂ ಇಷ್ಟೇ.

ಈಗ ಆ ಶ್ರೀಗಂಧದ ಹನಿಯನ್ನೇ ನೋಡಿ. ಶ್ರೀಗಂಧದ ಮರ ಅರ್ಧ ಪರಾವಲಂಬಿ. ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಆಹಾರ ಹೀರುತ್ತ ಬೆಳೆಯುತ್ತದೆ. ತೊಗಟೆಗೆ ಪರಿಮಳವಿಲ್ಲ, ಹೊರಗಿನ ಬಿಳಿ ಮರಕ್ಕೂ ಇಲ್ಲ. ವರ್ಷಗಟ್ಟಲೆ ಕಾದ ಮೇಲೆ ಒಳಗಿನ ಚೇಗಿನಲ್ಲಿ, ಬೇರಿನಲ್ಲಿ ಎಣ್ಣೆ ಕೂಡುತ್ತದೆ. ಈ ಕಾಯುವಿಕೆಗೆ ಎಂಥ ಬೆಲೆಯಿತ್ತೆಂದರೆ 1792ರಲ್ಲಿ ಟಿಪ್ಪು ಸುಲ್ತಾನ ಇದನ್ನು ರಾಜವೃಕ್ಷವೆಂದು ಘೋಷಿಸಿದ. ಮೊದಲನೆಯ ಮಹಾಯುದ್ಧದಿಂದಾಗಿ ಯುರೋಪಿಗೆ ಗಂಧದ ಕೊರಡು ಸಾಗಿಸುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ಸಂಸ್ಥಾನದಲ್ಲೇ ಗಂಧದೆಣ್ಣೆ ಕಾರ್ಖಾನೆ ಹುಟ್ಟಿತು. ಮರದೊಳಗೆ ಅಷ್ಟು ವರ್ಷ ಕೂತು ಅಭ್ಯಾಸವಾದ ಹನಿ, ನನ್ನ ಬೀರುವಿನಲ್ಲಿ ಮೂರು ವಾರ ಕೂರುವುದು ಯಾವ ಲೆಕ್ಕ!

ಈ ಕಣ್ಣಿಂದ ನೋಡತೊಡಗಿದ ಮೇಲೆ ಮನೆಯೇ ಬೇರೆಯಾಗಿ ಕಂಡಿತು. ಕೋಣೆಯಲ್ಲಿ ಗಾಳಿ ಆಡುತ್ತದೆ, ಜನ ಬಂದು ಹೋಗುತ್ತಾರೆ, ಹೊತ್ತು ಬದಲಾಗುತ್ತದೆ. ಅಲ್ಲಿಗೆ ಬೇಗ ಬಂದು ಬೇಗ ಹೋಗುವ ಎಣ್ಣೆ ಚೆಂದ. ಬೆಳಗಿನ ನಡುಮನೆಗೆ ನಿಂಬೆಹುಲ್ಲು, ಕಿತ್ತಳೆ. ತಿಂಡಿಯ ಒಗ್ಗರಣೆ ಏಳುವ ಹೊತ್ತಿಗೆ ಅವು ದಾರಿ ಬಿಟ್ಟಿರುತ್ತವೆ. ಸಂಜೆಗೆ ದವನ. ದವನದ ಹುಣ್ಣಿಮೆಗೆ ದೇವರಿಗೇರಿಸುವ, ಮಾಲೆಯಲ್ಲಿ ಹೂವಿನ ನಡುವೆ ಬೂದು ಹಸಿರಾಗಿ ಕೂರುವ ಅದೇ ದವನ! ನಮ್ಮ ದಕ್ಷಿಣ ಭಾರತದ ಹೊಲಗಳಲ್ಲಿ ಬೆಳೆದ ಆ ಸೊಪ್ಪಿನ ಎಣ್ಣೆ ಹೊರದೇಶದ ದುಬಾರಿ ಸುಗಂಧಗಳೊಳಗೂ ಸೇರುತ್ತದೆ ಎಂದು ತಿಳಿದ ದಿನ ಹೂವಾಡಗಿತ್ತಿಯ ಬುಟ್ಟಿಯನ್ನು ನೋಡಿದ ರೀತಿಯೇ ಬೇರೆಯಾಯಿತು. ಬಿಸಿಲಿನ ಮಧ್ಯಾಹ್ನಕ್ಕೆ ಮಾತ್ರ, ತಡವಾಗಿ ಹೊರಡುವುದಾದರೂ, ಲಾವಂಚ. ಕುಡಿಯುವ ನೀರಿನ ಮಡಕೆಗೆ ಹಾಕುವ ಬೇರು ಅದೇ. ಉತ್ತರ ಭಾರತದಲ್ಲಿ ಅದರದೇ ಪರದೆ ನೇಯ್ದು ನೀರು ಚಿಮುಕಿಸಿ ಬೇಸಿಗೆ ಕಳೆಯುತ್ತಿದ್ದರು. ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿದ ಲಾವಂಚದೆಣ್ಣೆ ಹಸಿರಾಗಿರುತ್ತದೆ. ಆ ಹಸಿರು ತಾಮ್ರ ಕೊಟ್ಟ ಬಣ್ಣ!

ಕೋಣೆಗೆ ಇಡಲು ಯಂತ್ರ ಗಿಂತ್ರ ಏನೂ ಬೇಡ. ದೀಪಾವಳಿಯ ಹೊಸ ಮಣ್ಣಿನ ಹಣತೆ ಸಾಕು. ಬಣ್ಣ ಬಳಿಯದ ಸುಟ್ಟ ಮಣ್ಣಿನ ಮೈತುಂಬ ಕಾಣದ ರಂಧ್ರಗಳು. ಮೂರು ಹನಿ ಬಿಟ್ಟರೆ ಹೀರಿಕೊಂಡು ಇಷ್ಟಿಷ್ಟೇ ಬಿಟ್ಟುಕೊಡುತ್ತದೆ. ಕಿಟಕಿಯ ಹತ್ತಿರ ಇಟ್ಟರೆ ಗಾಳಿಯೇ ಹಂಚುತ್ತದೆ. ಹಸುಗೂಸು, ಉಬ್ಬಸದವರು, ಬೆಕ್ಕು ಇರುವ ಕೋಣೆಯಲ್ಲಿ ಮಾತ್ರ ಇದು ಬೇಡ. ಸಸ್ಯತೈಲದ ಎಷ್ಟೋ ಅಂಶಗಳನ್ನು ಬೆಕ್ಕಿನ ಯಕೃತ್ತು ಅರಗಿಸಲಾರದು.

ಬಟ್ಟೆಯದು ಬೇರೆಯೇ ಲೋಕ. ಮಡಿಸಿಟ್ಟ ಬಟ್ಟೆ ವಾರ, ತಿಂಗಳು ಕತ್ತಲಲ್ಲಿ ಕಾಯುತ್ತದೆ. ಅದಕ್ಕೆ ಕಾಯಬಲ್ಲ ಎಣ್ಣೆಯೇ ಜೊತೆ. ಶ್ರೀಗಂಧ, ಲಾವಂಚ, ಇವೆರಡರ ಜೊತೆಗೆ ಪಚೋಲಿ. ನಮ್ಮ ಪಚ್ಚೆತೆನೆಯ ಬಳಗದ ಈ ಎಲೆಯ ಕಥೆ ಓದಿದ ರಾತ್ರಿ ನನಗೆ ನಿದ್ದೆಯೇ ಬರಲಿಲ್ಲ. 19ನೇ ಶತಮಾನದಲ್ಲಿ ಕಾಶ್ಮೀರದ ಶಾಲುಗಳು ಹಡಗು ಹತ್ತುವಾಗ ನುಸಿ ಹಿಡಿಯದಂತೆ ಮಡಿಕೆಗಳ ನಡುವೆ ಒಣಗಿದ ಪಚೋಲಿ ಎಲೆ ಇಡುತ್ತಿದ್ದರು. ತಿಂಗಳುಗಟ್ಟಲೆಯ ಪ್ರಯಾಣದಲ್ಲಿ ಉಣ್ಣೆಯೆಲ್ಲ ಆ ಘಮ ಕುಡಿಯುತ್ತಿತ್ತು. ಕೊನೆಗೆ ಯುರೋಪಿನ ಕೊಳ್ಳುಗರು ಶಾಲನ್ನು ಮೂಸಿ ನೋಡಿ, ಈ ಘಮ ಇದ್ದರೆ ಅಸಲಿ, ಇಲ್ಲದಿದ್ದರೆ ನಕಲಿ ಅನ್ನತೊಡಗಿದರು! ನುಸಿ ಓಡಿಸಲು ಇಟ್ಟ ಎಲೆ, ಶಾಲಿಗೆ ಊರಿನ ಗುರುತುಪತ್ರವಾಯಿತು. ಪಚೋಲಿ ಎಣ್ಣೆ ಹಳತಾದಷ್ಟೂ ಮೃದುವಾಗುತ್ತದೆ, ಹುಣಸೆಹಣ್ಣು ಹಳತಾದ ಹಾಗೆ.

ಕೊಳ್ಳುವಾಗ ಒಂದು ಬಿಳಿ ಕಾಗದ ಜೊತೆಗಿರಲಿ. ಒಂದು ಹನಿ ಬಿಟ್ಟು ಕಾದು ನೋಡಿ. ಅಡುಗೆ ಎಣ್ಣೆ ಬೆರೆಸಿದ್ದರೆ ಘಮ ಹೋದ ಮೇಲೂ ಬಜ್ಜಿ ಕಟ್ಟಿದ ಕಾಗದದ ಹಾಗೆ ಜಿಡ್ಡಿನ ವೃತ್ತ ಹಾಗೇ ಉಳಿಯುತ್ತದೆ. ಹಗುರ ಎಣ್ಣೆ ಗುರುತಿಲ್ಲದೆ ಆರಿಹೋಗುತ್ತದೆ. ಶ್ರೀಗಂಧ, ಲಾವಂಚಗಳಿಗೆ ಮಾತ್ರ ದಿನಗಳ ಸಮಯ ಕೊಡಬೇಕು. ಎಂಥ ಶುದ್ಧ ಎಣ್ಣೆಯಾದರೂ ನೇರವಾಗಿ ಬಟ್ಟೆಗೆ ಬೀಳಬಾರದು, ಕಲೆ ಕೂರುತ್ತದೆ. ಹತ್ತಿಗೋ ದಪ್ಪ ಕಾಗದಕ್ಕೋ ಬಿಟ್ಟು, ಚೀಲದಲ್ಲಿ ಕಟ್ಟಿ, ಬಟ್ಟೆಗಳ ನಡುವೆ ಇಡಬೇಕು. ಬಟ್ಟೆಯ ಮೇಲೇ ಸಿಂಪಡಿಸಬೇಕೆಂದರೆ ಬಣ್ಣ ಬೆರೆಸದ ಪನ್ನೀರಿದೆ. ಇಸ್ತ್ರಿ ಮಾಡುವ ಮುಂಚೆ ದಿಂಬಿನ ಗವಸಿಗೆ ಚಿಮುಕಿಸಿದರೆ ಆ ರಾತ್ರಿಯ ಮಟ್ಟಿಗೆ ಗುಲಾಬಿ. ಗವಸಿಗೆ ಒಂದು ರಾತ್ರಿ ಸಾಕು, ಕಂಬಳಿಗೆ ಇಡೀ ಬೇಸಿಗೆ ಬೇಕು. ಲೆಕ್ಕ ಎಷ್ಟು ಸರಳ!

ಇದೆಲ್ಲ ಇಂದಿನ ಶೋಕಿಯೇ ಅಂತ ಹುಡುಕಿದರೆ, ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಎದುರಿಗೆ ಬಂದ! 12ನೇ ಶತಮಾನದಲ್ಲಿ ಅವನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ 20 ಉಪಭೋಗಗಳ ಪಟ್ಟಿಯಿದೆ. ಅರಮನೆ, ಸ್ನಾನ, ತಾಂಬೂಲಗಳ ಸಾಲಿನಲ್ಲೇ ವಸ್ತ್ರಕ್ಕೊಂದು, ಹಾಸಿಗೆಗೊಂದು, ಧೂಪಕ್ಕೊಂದು ಸ್ಥಾನ. ನಮ್ಮ ಅಜ್ಜಿಯರು ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಕೂಸಿನ ಬಟ್ಟೆಯನ್ನು ಅದರ ಮೇಲೆ ಹರಡುತ್ತಿದ್ದರಲ್ಲ, ಅದೂ ಇದೇ ವಿದ್ಯೆ. ದೊರೆಯ ಹಾಸಿಗೆಗೂ ನಮ್ಮ ಬಾಣಂತಿ ಕೋಣೆಗೂ ನಡುವೆ ಒಂದೇ ಹೊಗೆಯ ನೂಲು.

ಅದಕ್ಕಿಂತ ಹಿಂದಕ್ಕೆ ಹೋದರೆ ಉಸಿರೇ ಕಟ್ಟುತ್ತದೆ. 6ನೇ ಶತಮಾನದ ಉಜ್ಜಯಿನಿಯ ವರಾಹಮಿಹಿರ, ಗ್ರಹಗತಿ ಎಣಿಸಿದ ಅದೇ ಜ್ಯೋತಿಷಿ, ‘ಬೃಹತ್ಸಂಹಿತೆ’ಯಲ್ಲಿ ಗಂಧಯುಕ್ತಿ ಎಂಬ ಅಧ್ಯಾಯವನ್ನೇ ಬರೆದಿದ್ದಾನೆ. ಅವನ ಮುಂದೆ 16 ದ್ರವ್ಯಗಳಿವೆ. ಅಗರು, ಚಂದನ, ತಗರ, ಮುಸ್ತ ಹೀಗೆ. ಅದರಲ್ಲಿ ನಾಲ್ಕನ್ನು ಆರಿಸಿ ಬೆರೆಸುವುದಾದರೆ ಎಷ್ಟು ಬಗೆ? 1820 ಎಂದು ಲೆಕ್ಕ ಕೊಡುತ್ತಾನೆ! ಕಾಲೇಜಿನ ಗಣಿತದ ಪುಸ್ತಕದಲ್ಲಿ ನಾವು ಬೆವರು ಸುರಿಸಿ ಕಲಿತ ವಿಕಲ್ಪದ ಲೆಕ್ಕ. ಅಷ್ಟೇ ಅಲ್ಲ, 16 ದ್ರವ್ಯಗಳನ್ನು ನಾಲ್ಕು ನಾಲ್ಕರ ಚೌಕದಲ್ಲಿ, ಒಂದೊಂದಕ್ಕೂ ಒಂದು ಪಾಲು ಬರೆದು ಕೂರಿಸುತ್ತಾನೆ. 2, 3, 5, 8 ಮೊದಲ ಸಾಲು. 5, 8, 2, 3 ಎರಡನೆಯದು. ಆಮೇಲೆ 4, 1, 7, 6. ಕೊನೆಗೆ 7, 6, 4, 1. ಅಡ್ಡ ಕೂಡಿ, ಉದ್ದ ಕೂಡಿ, ಮೂಲೆಯಿಂದ ಮೂಲೆಗೆ ಕೂಡಿ, ಎಲ್ಲೆಲ್ಲೂ 18! ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಬರೆದು ಕೂಡಿ ನೋಡಿದೆ, ಮತ್ತೆ ಕೂಡಿದೆ. ಈ ಯಾವ ಸಾಲಿನ ನಾಲ್ಕು ದ್ರವ್ಯ ಎತ್ತಿಕೊಂಡರೂ ಒಟ್ಟು ತೂಕ ಸಮ. ನಾನೂ ಧೈರ್ಯ ಮಾಡಿದೆ. ಬೆರೆಸುವಾಗ ಬಹುಪಾಲು ಕಾಯುವ ಎಣ್ಣೆ, ನಡುವೆ ಹೂವು, ಮೇಲೆ ಚೂರು ಕಿತ್ತಳೆ. ಶ್ರೀಗಂಧ ಮೂರು ಹನಿ, ಮಲ್ಲಿಗೆ ಎರಡು, ಕಿತ್ತಳೆ ಒಂದು. ಒಂದು ವಾರ ಸೀಸೆಯಲ್ಲಿ ಬೆರೆಯಲು ಬಿಟ್ಟೆ. ಎರಡು ದಿನದಲ್ಲಿ ಓಡಿಹೋಗುತ್ತಿದ್ದ ಕಿತ್ತಳೆ ಈಗ ಶ್ರೀಗಂಧದ ಕೈ ಹಿಡಿದು ಐದು ದಿನ ನಿಂತಿತು!

ನಾನು ಕೊಂಡ ಕೊನೆಯ ಸೀಸೆ ಗಂಗಾ ತೀರದ ಕನೌಜಿನಿಂದ ಬಂದದ್ದು. ಮಿಟ್ಟಿ ಅತ್ತರು, ಮಣ್ಣಿನ ಅತ್ತರು. ಅಲ್ಲಿನವರು ಮಣ್ಣನ್ನು ಸುಟ್ಟು, ‘ದೇಗ್’ ಎಂಬ ತಾಮ್ರದ ಹಂಡೆಯಲ್ಲಿ ನೀರಿನೊಂದಿಗೆ ಬೇಯಿಸುತ್ತಾರೆ. ಹಬೆಯನ್ನು ಬಿದಿರಿನ ಕೊಳವೆಯಲ್ಲಿ ಹಾಯಿಸಿ ‘ಭಪ್ಕಾ’ ಎಂಬ ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆಯಲ್ಲಿ ಕಾದು ಕೂತಿರುವುದು, ಪರಂಪರೆಯಂತೆ, ಶ್ರೀಗಂಧದೆಣ್ಣೆ. ಹಾರಿಹೋಗಬೇಕಾದ ಮಳೆಯ ವಾಸನೆಯನ್ನು ಹಿಡಿದಿಡುವುದು ಅದೇ, ನನ್ನ ಕೆಳಗಿನ ಅರೆಯ ತಾಳ್ಮೆಗಾರ! 1964ರಲ್ಲಿ ಆಸ್ಟ್ರೇಲಿಯಾದ ಇಸಾಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ ಎಂಬ ವಿಜ್ಞಾನಿಗಳು ಒಣನೆಲಕ್ಕೆ ಮಳೆ ಬಿದ್ದಾಗ ಏಳುವ ಈ ಘಮಕ್ಕೆ ‘ಪೆಟ್ರಿಕೋರ್’ ಎಂದು ಹೆಸರಿಟ್ಟರು. ಉತ್ತರ ಪ್ರದೇಶದವರು ಇದನ್ನು ಆಗಲೇ ಸೀಸೆಗೆ ತುಂಬುತ್ತಿದ್ದಾರೆ ಎಂಬುದು ಅವರಿಗೂ ಗೊತ್ತಿತ್ತು. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ಅಣುವೂ ಆ ಘಮದಲ್ಲಿದೆ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗವಿದ್ದರೂ ಮನುಷ್ಯನ ಮೂಗು ಅದನ್ನು ಹಿಡಿಯುತ್ತದೆ. ಮಳೆಗಾಗಿ ಎಷ್ಟು ಕಾದಿರಬೇಕು ಈ ಮೂಗು!

ಮೇ ತಿಂಗಳ ಒಂದು ಸಂಜೆ ಆ ಅತ್ತರನ್ನು ಎರಡು ಹನಿ ಹಣತೆಗೆ ಬಿಟ್ಟು, ನೀರು ಚಿಮುಕಿಸಿ, ಅಮ್ಮನ ಕೋಣೆಯ ಕಿಟಕಿಯಲ್ಲಿಟ್ಟೆ. ಹೇಳಿರಲಿಲ್ಲ. ಹತ್ತು ನಿಮಿಷವೂ ಆಗಿರಲಿಲ್ಲ, ಒಳಗಿಂದ ಕೂಗು ಬಂತು.

“ಮಳೆ ಬಂತಲ್ಲೇ! ಮಹಡಿ ಮೇಲೆ ಹಾಸಿಗೆ ಬಟ್ಟೆಯೆಲ್ಲ ಒಣಗಿಹಾಕಿದೀನಿ, ಹೋಗಿ ತಗೊಂಡ್ ಬಾರೆ!”

ಓಡಿದೆ. ಮೇಲೆ ಆಕಾಶ ನಿಚ್ಚಳ, ಒಂದೊಂದೇ ನಕ್ಷತ್ರ. ತಂತಿಯ ಮೇಲೆ ಹೊದಿಕೆಗಳು ಗರಿಗರಿಯಾಗಿ ಒಣಗಿ ನೇತಾಡುತ್ತಿದ್ದವು. ಎಲ್ಲವನ್ನೂ ಎದೆಗವಚಿಕೊಂಡು ಇಳಿದು ಬಂದೆ. ಅಮ್ಮ ಒಂದನ್ನು ಎಳೆದು ಕೆನ್ನೆಗೊತ್ತಿ ನೋಡಿದಳು.

“ಸದ್ಯ, ನೆನೆದಿಲ್ಲ,” ಎಂದಳು.

ಕೂತು ಇಬ್ಬರೂ ಮಡಿಸಿದೆವು. ಕೆಳಗಿನ ಅರೆಯಲ್ಲಿ ಜಾಗ ಮಾಡಿದೆ.