ಲಿಂಪೊಪೊ ದಾಟಿ ಬಂದವರು

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಈಶಾನ್ಯಕ್ಕೆ ಹೊರಟರೆ ಒಂದೆರಡು ಗಂಟೆಯಲ್ಲಿ ಡಿ ಡೋರ್ನ್ಸ್ ಎಂಬ ಊರು ಸಿಗುತ್ತದೆ. ಹೆಕ್ಸ್ ನದಿಯ ಕಣಿವೆಯ ಊರು. ಎರಡೂ ಬದಿಗೆ ಬೆಟ್ಟ, ನಡುವೆ ಕಣ್ಣು ಹಾಯುವಷ್ಟು ದೂರಕ್ಕೂ ದ್ರಾಕ್ಷಿ ತೋಟ. 2009ರ ನವೆಂಬರ್‌ನಲ್ಲಿ ಈ ಊರಿನ ಗುಡಿಸಲು ಬಡಾವಣೆಗಳಿಗೆ ಗುಂಪುಗಳು ನುಗ್ಗಿ ಅಕ್ಕಪಕ್ಕದವರ ತಗಡಿನ ಮನೆಗಳನ್ನೇ ಕಿತ್ತೆಸೆದವು. ಬೀದಿಪಾಲಾದವರು ಸುಮಾರು 3,000 ಮಂದಿ, ಎಲ್ಲರೂ ನೆರೆಯ ಜಿಂಬಾಬ್ವೆಯಿಂದ ತೋಟದ ಕೆಲಸಕ್ಕೆ ಬಂದವರು. ಊರಿನ ರಗ್ಬಿ ಮೈದಾನದಲ್ಲಿ ಅವರಿಗೆ ಡೇರೆ ಹಾಕಿಕೊಟ್ಟರು. ಅವರಲ್ಲಿ ಅನೇಕರು ಹೆಚ್ಚುಕಡಿಮೆ ಒಂದು ವರ್ಷ ಅಲ್ಲೇ ದಿನ ದೂಡಿದರು.

‘ಕಡಿಮೆ ಕೂಲಿಗೆ ದುಡಿದು ನಮ್ಮ ಅನ್ನ ಕಿತ್ತುಕೊಂಡರು’ ಎಂಬುದು ಊರವರ ದೂರು. ಸಂಶೋಧಕರು ಆಮೇಲೆ ಹೋಗಿ ವಿಚಾರಿಸಿದಾಗ ಬೇರೆಯದೇ ಚಿತ್ರ ಸಿಕ್ಕಿತು. ತೋಟಗಳಿಗೆ ಆಳುಗಳನ್ನು ಒದಗಿಸುವ ಮಧ್ಯವರ್ತಿಗಳ ನಡುವೆ ಪೈಪೋಟಿ ಹುಟ್ಟಿಕೊಂಡಿತ್ತು. ಜಿಂಬಾಬ್ವೆಯ ಮಧ್ಯವರ್ತಿಗಳ ಕಡೆಗೆ ವ್ಯವಹಾರ ವಾಲತೊಡಗಿದಾಗ ಸ್ಥಳೀಯ ಮೇಸ್ತ್ರಿಗಳ ಆದಾಯಕ್ಕೆ ಪೆಟ್ಟು ಬಿತ್ತು. ಕೂಲಿಯವರ ಸಿಟ್ಟಿಗೆ ದಿಕ್ಕು ತೋರಿಸಿದ್ದು ಇಂಥ ಲಾಭ-ನಷ್ಟದ ಲೆಕ್ಕ. ಮೂರು ವರ್ಷದ ನಂತರ, 2012ರಲ್ಲಿ, ಇದೇ ಊರಿನಿಂದ ತೋಟದ ಕೂಲಿಕಾರರ ದೊಡ್ಡ ಮುಷ್ಕರ ಶುರುವಾಯಿತು. ಆಗ ದಿನಗೂಲಿ 69 ರ‍್ಯಾಂಡ್. 150 ಕೊಡಿ ಎಂದು ಅವರು ಪಟ್ಟು ಹಿಡಿದರು. 2013ರ ಮಾರ್ಚ್‌ನಿಂದ ಸರ್ಕಾರ ಕನಿಷ್ಠ ಕೂಲಿಯನ್ನು 105 ರ‍್ಯಾಂಡ್‌ಗೆ ಏರಿಸಿತು. ವಲಸಿಗರನ್ನು ಓಡಿಸಿದ್ದರಿಂದ ಸಿಗದ ಈ ಏರಿಕೆ, ಕೂಲಿಗಾಗಿಯೇ ಹೋರಾಡಿದಾಗ ಸಿಕ್ಕಿತು.

ಜಿಂಬಾಬ್ವೆಯವರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಮನೆ ಬಿಟ್ಟು ಬಂದದ್ದು ಸುಮ್ಮನೆ ಅಲ್ಲ. 1980ರಲ್ಲಿ ಸ್ವತಂತ್ರವಾದಾಗ ಆ ದೇಶಕ್ಕೆ ಒಳ್ಳೆಯ ಶಾಲೆಗಳಿದ್ದವು, ಫಲವತ್ತಾದ ಹೊಲಗಳಿದ್ದವು. 2000ದ ನಂತರ ಬಿಳಿಯರ ಜಮೀನುಗಳನ್ನು ಅವಸರದಲ್ಲಿ ವಶಪಡಿಸಿಕೊಂಡ ಕ್ರಮ, ಚುನಾವಣಾ ಹಿಂಸೆ, ಮಿತಿ ಮೀರಿ ನೋಟು ಅಚ್ಚು ಹಾಕುವ ಚಾಳಿ ಎಲ್ಲ ಸೇರಿ ಆರ್ಥಿಕತೆ ಕುಸಿಯಿತು. 2008ರ ಜುಲೈ ಹೊತ್ತಿಗೆ ಹಣದುಬ್ಬರದ ಅಧಿಕೃತ ಅಂಕಿಯೇ ಶೇ. 23 ಕೋಟಿ ದಾಟಿತ್ತು. ಮರುವರ್ಷದ ಆರಂಭದಲ್ಲಿ ನೂರು ಲಕ್ಷ ಕೋಟಿ ಡಾಲರ್ ಮುಖಬೆಲೆಯ ನೋಟು ಹೊರಬಂತು. ಅದೇ ಸಮಯದಲ್ಲಿ ಹಬ್ಬಿದ ಕಾಲರಾ 4,000ಕ್ಕೂ ಹೆಚ್ಚು ಜೀವಗಳನ್ನು ತೆಗೆದುಕೊಂಡಿತು. ತಿಂಗಳ ಸಂಬಳಕ್ಕೆ ವಾರದ ಹಿಟ್ಟೂ ಬಾರದ ಸ್ಥಿತಿಯಲ್ಲಿ ಮೇಷ್ಟರು, ನರ್ಸುಗಳು, ಗಾರೆ ಕೆಲಸದವರು ದಕ್ಷಿಣಕ್ಕೆ ಹೊರಟರು. ಬೈಟ್‌ಬ್ರಿಜ್ ಗಡಿಠಾಣೆಯಲ್ಲಿ ಕಾಗದಪತ್ರ ತೋರಿಸಿ ಬಂದವರು ಕೆಲವರಾದರೆ, ಮೊಸಳೆಗಳಿರುವ ಲಿಂಪೊಪೊ ನದಿಯನ್ನು ಕತ್ತಲಲ್ಲಿ ದಾಟಿದವರು ಎಷ್ಟೋ ಮಂದಿ.

ಹಾಗೆ ಬಂದವರು ಊರನ್ನು ಮರೆಯಲಿಲ್ಲ. ಜೋಹಾನ್ಸ್‌ಬರ್ಗ್‌ನಿಂದ ಜಿಂಬಾಬ್ವೆಯ ಬುಲವಾಯೊ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಇಂದಿಗೂ ‘ಮಲಾಯಿಚಾ’ ಎಂಬ ಸರಕು ಸಾಗಣೆದಾರರ ವ್ಯಾನುಗಳು ಕಾಣುತ್ತವೆ. ಹಿಟ್ಟು, ಎಣ್ಣೆ, ಸಕ್ಕರೆ, ಹಾಸಿಗೆ, ಬೈಸಿಕಲ್ಲುಗಳನ್ನು ಹೇರಿಕೊಂಡು ಟ್ರೇಲರ್ ಎಳೆಯುತ್ತಾ, ಇಲ್ಲಿ ದುಡಿದವರು ಕೊಂಡದ್ದನ್ನು ಅವು ಅಲ್ಲಿಯ ಮನೆಬಾಗಿಲಿಗೆ ಮುಟ್ಟಿಸುತ್ತವೆ.

ಹಾಗೆ ನೋಡಿದರೆ ದಕ್ಷಿಣ ಆಫ್ರಿಕಾದ ಸಂಪತ್ತು ಕಟ್ಟಿದ್ದರಲ್ಲಿ ಹೊರಗಿನಿಂದ ಬಂದವರ ಬೆವರಿನ ಪಾಲು ದೊಡ್ಡದು. ಇಪ್ಪತ್ತನೇ ಶತಮಾನದ ಮೊದಲಿನಿಂದಲೂ ಅಲ್ಲಿಯ ಚಿನ್ನದ ಗಣಿಗಳು ಮೊಜಾಂಬಿಕ್, ಲೆಸೊಥೊ, ಮಲಾವಿಗಳಿಂದ ಆಳುಗಳನ್ನು ತರಿಸಿಕೊಂಡವು. ವರ್ಣಭೇದದ ಕಾಲದಲ್ಲಿ ದೇಶ ಬಿಟ್ಟ ಹೋರಾಟಗಾರರಿಗೆ ನೆರೆಯ ದೇಶಗಳು ಆಶ್ರಯ ಕೊಟ್ಟವು. ಆ ತಪ್ಪಿಗೆ 1986ರ ಮೇನಲ್ಲಿ ಹರಾರೆ, ಗ್ಯಾಬರೋನ್, ಲುಸಾಕಾಗಳ ಮೇಲೆ ವರ್ಣಭೇದದ ಸರ್ಕಾರ ಸೇನಾ ದಾಳಿ ನಡೆಸಿತು. ಈ ಋಣದ ನೆನಪು ಹಳೆಯ ತಲೆಮಾರಿನಲ್ಲಿದೆ. 1994ರ ಸ್ವಾತಂತ್ರ್ಯದ ನಂತರ ಹುಟ್ಟಿ, ಕೆಲಸವಿಲ್ಲದೆ ಬೀದಿಯ ತುದಿಯಲ್ಲಿ ನಿಂತ ಯುವಕನಿಗೆ ಅದು ತಾನು ಕಾಣದ ಕಾಲದ ಮಾತು.

2008ರ ಮೇ 11ರಂದು ಜೋಹಾನ್ಸ್‌ಬರ್ಗ್‌ನ ಅಲೆಕ್ಸಾಂಡ್ರಾದಲ್ಲಿ ವಲಸಿಗರ ವಿರುದ್ಧ ಹೊತ್ತಿದ ಕಿಚ್ಚು ಎರಡೇ ವಾರದಲ್ಲಿ ದೇಶದ ಹಲವು ನಗರಗಳಿಗೆ ಹಬ್ಬಿತು. 62 ಮಂದಿ ಸತ್ತರು, ಲಕ್ಷದಷ್ಟು ಜನ ನೆಲೆ ಕಳೆದುಕೊಂಡರು, ಕೊನೆಗೆ ಸೇನೆಯನ್ನು ಇಳಿಸಬೇಕಾಯಿತು. ಗುಂಪುಗಳು ದಾರಿಹೋಕರನ್ನು ತಡೆದು ಮೊಣಕೈಗೆ ಜುಲು ನುಡಿಯಲ್ಲಿ ಏನೆನ್ನುತ್ತಾರೆಂದು ಕೇಳುತ್ತಿದ್ದವು. ತಡವರಿಸಿದವನು ಪರದೇಶಿ! ಆದರೆ ದಕ್ಷಿಣ ಆಫ್ರಿಕಾದಲ್ಲೇ ಹುಟ್ಟಿದ ವೆಂಡಾ, ತ್ಸೋಂಗಾ ಭಾಷಿಕರಿಗೂ ಜುಲು ಮನೆಮಾತಲ್ಲ. ಸತ್ತ 62 ಮಂದಿಯಲ್ಲಿ 21 ಮಂದಿ ದಕ್ಷಿಣ ಆಫ್ರಿಕಾದವರೇ. ಹೊರಗಿನವರನ್ನು ಹುಡುಕಲು ಹೊರಟ ಗುಂಪು ತನ್ನವರನ್ನೂ ಕೊಂದಿತ್ತು.

ಸ್ಥಳೀಯರ ಸಂಕಟ ಸುಳ್ಳೆಂದು ಹೇಳಿದರೆ ಅದು ಅನ್ಯಾಯ. ಮೂವರಲ್ಲಿ ಒಬ್ಬರಿಗೆ ಕೆಲಸವಿಲ್ಲದ ದೇಶ ಅದು. ಆದಾಯದ ಅಸಮಾನತೆಯಲ್ಲಿ ಜಗತ್ತಿಗೇ ಮುಂದು. ಸರ್ಕಾರಿ ಮನೆಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವವರು, ಬೆಳಗಿನ ಜಾವವೇ ಆಸ್ಪತ್ರೆಯ ಸಾಲಿನಲ್ಲಿ ನಿಂತು ಸಂಜೆ ಔಷಧಿಯಿಲ್ಲದೆ ಮರಳುವವರು ಬಡವರ ಬಡಾವಣೆಗಳಾದ ಟೌನ್‌ಶಿಪ್‌ಗಳಲ್ಲಿ ತುಂಬಿದ್ದಾರೆ. ಗಡಿಗೆ ಹತ್ತಿರದ ಲಿಂಪೊಪೊ ಪ್ರಾಂತ್ಯದ ಆಸ್ಪತ್ರೆಗಳ ಮೇಲೆ ನಿಜವಾದ ಒತ್ತಡವಿದೆ. ಕಾಗದಪತ್ರವಿಲ್ಲದ ಕೂಲಿಯವನು ದೂರು ಕೊಡಲಾರ ಎಂದು ಗೊತ್ತಿರುವುದರಿಂದಲೇ ಅವನನ್ನು ಮೊದಲು ಕರೆಯುವ ಹೋಟೆಲು, ತೋಟಗಳ ಮಾಲೀಕರೂ ಇದ್ದಾರೆ.

ಆದರೆ ಲೆಕ್ಕ ಏನು ಹೇಳುತ್ತದೆ? 2022ರ ಜನಗಣತಿಯ ಪ್ರಕಾರ 6.2 ಕೋಟಿ ಜನರ ದೇಶದಲ್ಲಿ ಹೊರದೇಶದಲ್ಲಿ ಹುಟ್ಟಿದವರು ಸುಮಾರು 24 ಲಕ್ಷ, ಅಂದರೆ ನೂರಕ್ಕೆ ನಾಲ್ವರಷ್ಟು. ಅವರಲ್ಲಿ ಜಿಂಬಾಬ್ವೆಯವರು ಹತ್ತು ಲಕ್ಷದ ಆಸುಪಾಸು. ಕಾಗದಪತ್ರವಿಲ್ಲದ ಕೆಲವರು ಗಣತಿದಾರರ ಕಣ್ಣು ತಪ್ಪಿಸಿದ್ದಾರೆಂದೇ ಇಟ್ಟುಕೊಂಡರೂ, ಇಡೀ ದೇಶದ ನಿರುದ್ಯೋಗವನ್ನು ಇವರ ತಲೆಗೆ ಕಟ್ಟಲಾಗದು. ವರ್ಷಗಳ ಕಾಲ ಕಾಡಿದ ವಿದ್ಯುತ್ ಕಡಿತ, ಸರ್ಕಾರಿ ಭ್ರಷ್ಟಾಚಾರದ ತನಿಖೆ ನಡೆಸಿದ ಜೊಂಡೊ ಆಯೋಗದ ಮುಂದೆ ಬಯಲಾದ ಲೂಟಿ, ಕೆಟ್ಟು ನಿಂತ ಪುರಸಭೆಗಳು, ಇವು ಯಾವ ವಲಸಿಗನ ಕೈಕೆಲಸವೂ ಅಲ್ಲ.

ಆದರೂ ಸಿಟ್ಟು ಹತ್ತಿರದ ಬಾಗಿಲನ್ನೇ ಬಡಿಯುತ್ತದೆ. 2021ರಲ್ಲಿ ಸೊವೆಟೊದಲ್ಲಿ ಹುಟ್ಟಿದ ‘ಆಪರೇಷನ್ ದುದುಲಾ’ ಎಂಬ ಚಳವಳಿ ಮನೆಮನೆಗೆ, ಅಂಗಡಿ ಅಂಗಡಿಗೆ ನುಗ್ಗಿ ಗುರುತಿನ ಚೀಟಿ ಕೇಳತೊಡಗಿತು. 2022ರ ಏಪ್ರಿಲ್‌ನಲ್ಲಿ ಜೋಹಾನ್ಸ್‌ಬರ್ಗ್‌ನ ಡೀಪ್‌ಸ್ಲೂಟ್‌ನಲ್ಲಿ ಹಾಗೆಯೇ ದಾಖಲೆ ಕೇಳುತ್ತಾ ಅಲೆಯುತ್ತಿದ್ದ ಗುಂಪೊಂದು ಜಿಂಬಾಬ್ವೆಯ ಒಬ್ಬನನ್ನು ಬೆನ್ನಟ್ಟಿ, ಹೊಡೆದು, ಸುಟ್ಟು ಕೊಂದಿತು. 2025ರಲ್ಲಿ ದುದುಲಾ ಕಾರ್ಯಕರ್ತರು ಸರ್ಕಾರಿ ಕ್ಲಿನಿಕ್‌ಗಳ ಗೇಟಿನಲ್ಲಿ ನಿಂತು, ಚೀಟಿ ಇಲ್ಲದವರನ್ನು ಹಿಂದಕ್ಕೆ ಕಳಿಸಿದರು. ತಿರುಗಿ ಹೋದವರಲ್ಲಿ ಬಸುರಿಯರಿದ್ದರು, ಎಚ್‌ಐವಿ ಮಾತ್ರೆಗೆ ಬಂದವರಿದ್ದರು. ಆರೋಗ್ಯಸೇವೆ ಪಡೆಯುವ ಹಕ್ಕನ್ನು ದಕ್ಷಿಣ ಆಫ್ರಿಕಾದ ಸಂವಿಧಾನ ನಾಗರಿಕರಿಗಷ್ಟೇ ಮೀಸಲಿಟ್ಟಿಲ್ಲ, ಅಲ್ಲಿರುವ ಎಲ್ಲರಿಗೂ ಕೊಟ್ಟಿದೆ. ಅದೇ ವರ್ಷದ ನವೆಂಬರ್‌ನಲ್ಲಿ ಜೋಹಾನ್ಸ್‌ಬರ್ಗ್ ಹೈಕೋರ್ಟ್, ಗುರುತಿನ ಚೀಟಿ ಕೇಳುವ ಅಧಿಕಾರ ಇಂಥ ಖಾಸಗಿ ಗುಂಪುಗಳಿಗಿಲ್ಲ, ಕ್ಲಿನಿಕ್ ಮತ್ತು ಶಾಲೆಗಳಿಗೆ ಅಡ್ಡಗಟ್ಟುವಂತಿಲ್ಲ ಎಂದು ತೀರ್ಪಿತ್ತಿತು.

ಬಡತನವಿದ್ದಲ್ಲೆಲ್ಲ ಹಿಂಸೆ ಹುಟ್ಟಲೇಬೇಕೆಂದಿಲ್ಲ ಎಂಬುದಕ್ಕೆ ಖುತ್ಸಾಂಗ್ ಸಾಕ್ಷಿ. ಜೋಹಾನ್ಸ್‌ಬರ್ಗ್‌ನ ನೈಋತ್ಯಕ್ಕೆ, ಕಾರ್ಲ್‌ಟನ್‌ವಿಲ್ ಚಿನ್ನದ ಗಣಿಗಳ ಬದಿಯಲ್ಲಿರುವ ಈ ಟೌನ್‌ಶಿಪ್ ಶಾಂತವಾದದ್ದೇನಲ್ಲ. ತಮ್ಮ ಊರನ್ನು ಗೌಟೆಂಗ್‌ನಿಂದ ಬೇರೆ ಪ್ರಾಂತ್ಯಕ್ಕೆ ಸೇರಿಸಿದ್ದನ್ನು ವಿರೋಧಿಸಿ 2005ರಿಂದ ಇಲ್ಲಿಯ ಜನ ಬೀದಿಗಿಳಿದಿದ್ದರು. ಕಚೇರಿಗಳು ಸುಟ್ಟುಹೋಗಿದ್ದವು, ಶಾಲೆಗಳು ಮುಚ್ಚಿದ್ದವು. 2008ರಲ್ಲಿ ಸುತ್ತಲಿನ ಪ್ರದೇಶ ಉರಿಯುತ್ತಿದ್ದಾಗ ಖುತ್ಸಾಂಗ್‌ನಲ್ಲಿ ವಲಸಿಗರ ಮೇಲೆ ದಾಳಿ ನಡೆಯಲಿಲ್ಲ. ಮೊಜಾಂಬಿಕ್, ಲೆಸೊಥೊದವರು ಅಲ್ಲಿ ಗಣಿಯ ಸಹೋದ್ಯೋಗಿಗಳು, ಒಂದೇ ಕಾರ್ಮಿಕ ಸಂಘದ ಸದಸ್ಯರು. ನಮ್ಮ ತಕರಾರು ಸರ್ಕಾರದ ತೀರ್ಮಾನದೊಂದಿಗೆ, ಪಕ್ಕದ ಮನೆಯವನೊಂದಿಗಲ್ಲ ಎಂದು ಚಳವಳಿಯ ಮುಖಂಡರು ಜನರಿಗೆ ತಿಳಿಹೇಳಿದರು. 2009ರಲ್ಲಿ ಊರು ಮತ್ತೆ ಗೌಟೆಂಗ್‌ಗೆ ಸೇರಿತು.

ಡಿ ಡೋರ್ನ್ಸ್‌ನಲ್ಲಿ ಮೇಸ್ತ್ರಿಗಳು ಮಾಡಿದ್ದಕ್ಕೂ ಖುತ್ಸಾಂಗ್‌ನ ಮುಖಂಡರು ಮಾಡಿದ್ದಕ್ಕೂ ಇರುವ ಅಂತರವನ್ನು ದಕ್ಷಿಣ ಆಫ್ರಿಕಾದ ರಾಜಕಾರಣಿಗಳು ಗಂಭೀರವಾಗಿ ನೋಡಬೇಕು. ಚುನಾವಣೆ ಹತ್ತಿರವಾದಾಗಲೆಲ್ಲ ವಲಸಿಗರ ಕಡೆಗೆ ಬೆರಳು ಮಾಡುವುದು ಅಲ್ಲಿಯ ಹಲವು ಪಕ್ಷಗಳಿಗೆ ಅಭ್ಯಾಸವಾಗಿದೆ. ಕನಿಷ್ಠ ಕೂಲಿ ಎಲ್ಲರಿಗೂ ಸಿಗುವಂತೆ ತೋಟ, ಹೋಟೆಲುಗಳನ್ನು ತಪಾಸಣೆ ಮಾಡಿದರೆ ಅಗ್ಗದ ಆಳಿನ ಆಸೆ ತಾನಾಗಿ ಕಡಿಮೆಯಾಗುತ್ತದೆ, ಸ್ಥಳೀಯನಿಗೂ ಅದರಿಂದ ಲಾಭ. ಜನ ಮನೆ ಬಿಡುವಂತೆ ಮಾಡಿದ ಜಿಂಬಾಬ್ವೆಯ ಆಡಳಿತವನ್ನು ನೆರೆಯ ಸರ್ಕಾರಗಳು ನೇರವಾಗಿ ಪ್ರಶ್ನಿಸುವ ಕೆಲಸವೂ ಬಾಕಿ ಇದೆ.

ಕಣ್ಣೆದುರಿಗಿರುವ ಪ್ರಶ್ನೆ ವಿಶೇಷ ಪರವಾನಗಿಯದು. 2009-10ರಲ್ಲಿ ಶುರುವಾಗಿ ಮತ್ತೆ ಮತ್ತೆ ನವೀಕರಣಗೊಂಡ ಈ ಕಾಗದದ ಬಲದಲ್ಲಿ ಸುಮಾರು 1,78,000 ಜಿಂಬಾಬ್ವೆಯವರು ಕಾನೂನುಬದ್ಧವಾಗಿ ದುಡಿಯುತ್ತಿದ್ದಾರೆ. 2021ರಲ್ಲಿ ಸರ್ಕಾರ ಇದನ್ನು ನಿಲ್ಲಿಸಲು ಹೊರಟಿತು. ಬಾಧಿತರ ಮಾತು ಕೇಳದೆ ತೆಗೆದುಕೊಂಡ ಆ ತೀರ್ಮಾನ ಅಕ್ರಮ ಎಂದು 2023ರಲ್ಲಿ ಪ್ರಿಟೋರಿಯಾ ಹೈಕೋರ್ಟ್ ಹೇಳಿತು. ಗಡುವು ಮತ್ತೆ ಮುಂದಕ್ಕೆ ಹೋಗಿ ಈಗ 2027ರ ಮೇ ತಿಂಗಳಲ್ಲಿ ನಿಂತಿದೆ. ಪರವಾನಗಿ ಪಡೆದವರಲ್ಲಿ ಅನೇಕರ ಮಕ್ಕಳು ಜೋಹಾನ್ಸ್‌ಬರ್ಗ್, ಪ್ರಿಟೋರಿಯಾಗಳಲ್ಲೇ ಹುಟ್ಟಿ, ಅಲ್ಲಿಯ ಶಾಲೆಗಳಲ್ಲೇ ಓದುತ್ತಿದ್ದಾರೆ. ಅವರಿಗೆ ಶಾಶ್ವತ ನೆಲೆಯ ಹಾದಿಯೊಂದನ್ನು ಆ ಗಡುವಿನೊಳಗೆ ತೆರೆಯದಿದ್ದರೆ, ಇಂದು ಕಾಗದಪತ್ರ ಇರುವವರೂ ನಾಳೆ ಅದಿಲ್ಲದವರ ಸಾಲಿಗೆ ಸೇರುತ್ತಾರೆ. ಅಂಥವರನ್ನೇ ಕಾಯುವ ಮಾಲೀಕರ ಕೈಗೆ ಇನ್ನಷ್ಟು ಅಗ್ಗದ ಆಳುಗಳು ಸಿಗುತ್ತಾರೆ.