‘ದೊಡ್ಡವಳಾದಳು’ ಎಂಬ ಮಾತು

ಪ್ರತಿಯೊಂದು ಭಾಷೆಯಲ್ಲಿಯೂ ಮನುಷ್ಯನ ವಯೋಮಾನವನ್ನು ತಿಳಿಸತಕ್ಕ ಮಾತುಗಳುಂಟು. ಅವು ವರ್ಷಗಳ ಎಣಿಕೆಯನ್ನು ಮಾತ್ರ ಹೇಳಿ ಸುಮ್ಮನಾಗುವುದಿಲ್ಲ. ಆಯಾ ವಯಸ್ಸಿನವರನ್ನು ಜನರು ಹೇಗೆ ಕಾಣುವರು, ಅವರಿಂದ ಏನನ್ನು ನಿರೀಕ್ಷಿಸುವರು ಎಂಬುದನ್ನೂ ಹೊರಪಡಿಸುತ್ತವೆ. ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿಯೇ ಇರುವ ನಮ್ಮ ಶಾಲೆಯ ಈ ಸಂಚಿಕೆಯಲ್ಲಿ ಅಂಥ ಮಾತುಗಳನ್ನು, ವಿಶೇಷವಾಗಿ ‘ದೊಡ್ಡವಳಾದಳು’ ಎಂಬುದನ್ನು, ಸ್ವಲ್ಪ ವಿಚಾರಮಾಡುವುದು ಅನುಚಿತವಾಗದೆಂದು ನಂಬುತ್ತೇವೆ.

ಮೊದಲು ನಮ್ಮ ವ್ಯಾಕರಣವನ್ನೇ ನೋಡೋಣ. ತೊಟ್ಟಿಲಲ್ಲಿ ಮಲಗಿರುವ ಹೆಣ್ಣುಕೂಸನ್ನು ಕುರಿತು ‘ಮಗು ಅಳುತ್ತದೆ’ ಎನ್ನುತ್ತೇವೆ, ಇದು ನಪುಂಸಕಲಿಂಗ. ಆ ಮಗುವೇ ಪುಸ್ತಕ ಹಿಡಿದು ಶಾಲೆಗೆ ಬಂದಾಗ ‘ಹುಡುಗಿ ಬಂದಳು’ ಎನ್ನುತ್ತೇವೆ, ಇದು ಸ್ತ್ರೀಲಿಂಗ. ಅವಳೇ ಮುಂದೆ ಉಪಾಧ್ಯಾಯಿನಿಯಾಗಿಯೋ ವೈದ್ಯಳಾಗಿಯೋ ಊರಿಗೆ ಬಂದರೆ ‘ಅಮ್ಮನವರು ಬಂದರು’ ಎಂದು ಗೌರವದ ಬಹುವಚನವನ್ನು ಉಪಯೋಗಿಸುತ್ತೇವೆ. ‘ಅದು’, ‘ಅವಳು’, ‘ಅವರು’ ಎಂಬ ಈ ಮೂರು ಮೆಟ್ಟಲುಗಳಲ್ಲಿ ಎರಡನೆಯದಕ್ಕೆ ಹತ್ತಿಸಲು ಕಾಲವೊಂದೇ ಸಾಕು. ಮೂರನೆಯದಕ್ಕೆ ಹತ್ತಿಸಲು ಬರಿಯ ಕಾಲವು ಸಾಲದು.

ಇನ್ನು ಪದಗಳ ವಿಷಯ. ಕೂಸು, ಹಸುಳೆ, ಹುಡುಗಿ, ಹರೆಯದವಳು, ಹೆಂಗಸು, ಮುದುಕಿ ಎಂದು ಒಂದೊಂದು ಅವಸ್ಥೆಗೂ ಒಂದೊಂದು ಹೆಸರಿದೆ. ‘ಎಳೆಯ’, ‘ಬಲಿತ’ ಎಂಬ ಮಾತುಗಳನ್ನು ಅವರೆಕಾಯಿಗೂ ಹೇಳುತ್ತೇವೆ, ಮನುಷ್ಯರಿಗೂ ಹೇಳುತ್ತೇವೆ. ‘ವಯಸ್ಸಿಗೆ ಬಂದಳು’ ಎಂದರೆ ಯೌವನ, ‘ವಯಸ್ಸಾಯಿತು’ ಎಂದರೆ ಮುಪ್ಪು. ಶಬ್ದವೊಂದೇ ಆದರೂ ಇವೆರಡರ ನಡುವೆ ಒಂದು ಜೀವಮಾನವೇ ಅಡಗಿದೆ. ಹುಟ್ಟಿದ ದಿನವನ್ನು ಬರೆದಿಡದಿದ್ದ ಹಿಂದಿನ ಕಾಲದಲ್ಲಿ, 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗಿನಂಥ ಸಂಗತಿಗಳಿಂದಲೇ ಜನರು ತಮ್ಮ ವಯಸ್ಸನ್ನು ಎಣಿಸುತ್ತಿದ್ದರು.

‘ದೊಡ್ಡ’ ಎಂಬ ಶಬ್ದವು ಇವೆಲ್ಲಕ್ಕಿಂತ ವಿಶಾಲವಾದುದು. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಎಂಬಲ್ಲಿ ಅದು ಒಂದು ಊರನ್ನು ಇನ್ನೊಂದರಿಂದ ಬೇರ್ಪಡಿಸುತ್ತದೆ. ದೊಡ್ಡಪ್ಪ, ದೊಡ್ಡಮ್ಮ ಎಂಬಲ್ಲಿ ಹಿರಿತನವನ್ನು ಹೇಳುತ್ತದೆ. ‘ದೊಡ್ಡ ಮನಸ್ಸು’, ‘ದೊಡ್ಡತನ’ ಎಂಬಲ್ಲಿ ಔದಾರ್ಯವನ್ನು ಸೂಚಿಸುತ್ತದೆ. ಆದರೆ ಹನ್ನೆರಡು ಹದಿಮೂರು ವರ್ಷದ ಹುಡುಗಿಯನ್ನು ಕುರಿತು ನಮ್ಮ ಹಳ್ಳಿಗಳಲ್ಲಿ ‘ದೊಡ್ಡವಳಾದಳು’ ಎಂದರೆ, ಆಕೆಯು ಮೈನೆರೆದಳೆಂಬ ಒಂದೇ ಅರ್ಥ. ‘ನೆರೆ’ ಎಂಬ ಧಾತುವಿಗೆ ತುಂಬುವುದು, ಪೂರ್ಣವಾಗುವುದು ಎಂಬ ಅರ್ಥವುಂಟು. ಆಗ ಸೋದರಮಾವನು ಹಸಿರು ಸೊಪ್ಪಿನ ಗುಡಿಸಲು ಹಾಕುವನು. ಎಳ್ಳು, ಬೆಲ್ಲ, ಕೊಬ್ಬರಿ ತಿನ್ನಿಸುವರು. ಒಸಗೆ ಮಾಡಿ ಆರತಿ ಎತ್ತುವರು. ಮಗಳ ಬೆಳವಣಿಗೆಯನ್ನು ಕಂಡು ಮನೆಯವರು ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ದೇಹವು ನೆರೆದ ಮಾತ್ರಕ್ಕೆ ಎಲ್ಲವೂ ನೆರೆಯಿತೆಂದು ಎಣಿಸಿ, ‘ದೊಡ್ಡವಳಾದಳು, ಇನ್ನು ಶಾಲೆ ಏಕೆ?’ ಎಂದು ಪುಸ್ತಕವನ್ನು ಕಸಿದುಕೊಳ್ಳುವುದೇ ತಪ್ಪು.

ಬೇರೆ ದೇಶಗಳ ಮಾತನ್ನು ಹೋಲಿಸಿದರೆ ಈ ವಿಷಯವು ಇನ್ನೂ ಸ್ಪಷ್ಟವಾಗುವುದು. ಸ್ಪ್ಯಾನಿಷ್ ಭಾಷೆಯಲ್ಲಿ ‘ನನಗೆ ಹದಿನೈದು ವರ್ಷ’ ಎನ್ನುವುದಿಲ್ಲ. ‘ತೆಂಗೊ ಕಿನ್ಸೆ ಆನ್ಯೋಸ್’, ಅಂದರೆ ‘ಹದಿನೈದು ವರ್ಷಗಳನ್ನು ಹೊಂದಿದ್ದೇನೆ’ ಎನ್ನುವರು. ವರ್ಷ ತುಂಬುವುದಕ್ಕೆ ಅವರ ಮಾತು ‘ಕುಂಪ್ಲೀರ್’. ಅದಕ್ಕೂ ಪೂರ್ಣಮಾಡುವುದೆಂದೇ ಅರ್ಥ. ಮೆಕ್ಸಿಕೊ ಮೊದಲಾದ ದೇಶಗಳಲ್ಲಿ ಹುಡುಗಿಗೆ ಹದಿನೈದು ತುಂಬಿದಾಗ ದೇವಾಲಯದಲ್ಲಿ ಸ್ತೋತ್ರಾರಾಧನೆ ನಡೆಸಿ ಔತಣ ಮಾಡುವುದುಂಟು. ಆದರೆ ಕಾನೂನಿನ ಕಣ್ಣಿನಲ್ಲಿ ಆಕೆ ‘ಮಾಯೋರ್’ ಆಗುವುದು ಹದಿನೆಂಟು ತುಂಬಿದ ಮೇಲೆಯೇ. ಈ ‘ಮಾಯೋರ್’ ಶಬ್ದವೂ, ನಮ್ಮ ಹಳ್ಳಿಯವರೂ ಬಲ್ಲ ‘ಮೇಜರ್’ ಎಂಬ ಇಂಗ್ಲಿಷ್ ಶಬ್ದವೂ ಲ್ಯಾಟಿನ್ ಭಾಷೆಯ ಒಂದೇ ಮೂಲದಿಂದ ಬಂದವು. ಅದರ ಅರ್ಥವಾದರೂ ಏನು? ‘ಹೆಚ್ಚು ದೊಡ್ಡದು’ ಎಂದಷ್ಟೇ.

ವಾಚಕರು ಇದನ್ನು ಗಮನಿಸಬೇಕು. ‘ದೊಡ್ಡವಳಾದಳು’, ‘ಮೇಜರ್ ಆದಳು’ ಎಂಬೆರಡೂ ಮೂಲಾರ್ಥದಲ್ಲಿ ಒಂದೇ ಮಾತು. ಆದರೆ ಒಬ್ಬಳೇ ಹುಡುಗಿಯ ಜೀವಿತದಲ್ಲಿ ಇವೆರಡರ ನಡುವೆ ಐದಾರು ವರ್ಷಗಳ ಅಂತರವಿದೆ. ಆ ಐದಾರು ವರ್ಷಗಳೇ ಹೈಸ್ಕೂಲಿನ ಮತ್ತು ಅದರ ಮುಂದಿನ ವ್ಯಾಸಂಗದ ವರ್ಷಗಳು. ದೇಹವು ಮುಂದೆ ಹೋಗಿ, ಬುದ್ಧಿಯೂ ವಿವೇಕವೂ ಅದನ್ನು ಹಿಂಬಾಲಿಸಿ ಬರಲು ಬೇಕಾದ ಅವಕಾಶವೇ ಅದು.

ಕಾನೂನು ಈ ಅವಕಾಶವನ್ನು ಮೆಲ್ಲಮೆಲ್ಲನೆ ಅಗಲಮಾಡುತ್ತ ಬಂದಿದೆ. ನಮ್ಮ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, 1894ರ ರೆಗ್ಯುಲೇಷನ್ನು 8 ವರ್ಷ ತುಂಬದ ಹುಡುಗಿಯ ವಿವಾಹವನ್ನು ನಿಷೇಧಿಸಿತು. ಕಿಟ್ಟೆಲ್ ಪಾದ್ರಿಗಳ ಕನ್ನಡ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದುದೂ ಅದೇ ವರ್ಷ. ಬ್ರಿಟಿಷ್ ಇಂಡಿಯಾದಲ್ಲಿ 1929ರ ಶಾರದಾ ಕಾಯಿದೆಯು ಹುಡುಗಿಯ ವಿವಾಹದ ವಯಸ್ಸನ್ನು 14 ಎಂದು ಗೊತ್ತುಮಾಡಿತು. ಅದು 1949ರಲ್ಲಿ 15ಕ್ಕೂ 1978ರಲ್ಲಿ 18ಕ್ಕೂ ಏರಿತು. ಈಗ ಜಾರಿಯಲ್ಲಿರುವುದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆ. ಕರ್ನಾಟಕವು 2016ರಲ್ಲಿ ಮಾಡಿದ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹವು ಮೊದಲಿನಿಂದಲೇ ಅಸಿಂಧುವಾಗಿದೆ. ಮತ ಕೊಡುವ ವಯಸ್ಸು ಮಾತ್ರ ಇದಕ್ಕೆ ಎದುರು ಬಂದು, 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಹೀಗೆ ಮನೆಯನ್ನೂ ರಾಜ್ಯವನ್ನೂ ನಡೆಸುವ ಹೊಣೆಯು ಒಂದೇ ವಯಸ್ಸಿನಲ್ಲಿ ಕೂಡಿಕೊಂಡಿತು.

ಇಲ್ಲಿ ಶಾಲೆಯ ದಾಖಲೆ ಪುಸ್ತಕದ ಬೆಲೆಯನ್ನು ತಂದೆತಾಯಿಗಳು ಅರಿಯಬೇಕು. ಬಾಲನ್ಯಾಯದ 2015ರ ಕಾಯಿದೆಯ ಮೇರೆಗೆ ವಯಸ್ಸು ಸಂದೇಹಕ್ಕೆ ಬಂದಾಗ ಮೊದಲು ಕೇಳುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರವನ್ನು ಅಥವಾ ಮೆಟ್ರಿಕ್ಯುಲೇಷನ್ ಪತ್ರವನ್ನು. ಪ್ರವೇಶದ ದಿನ ಗುಮಾಸ್ತರು ಬರೆದುಕೊಳ್ಳುವ ಆ ಒಂದು ಸಾಲು ಮುಂದೆ ಒಬ್ಬ ಹುಡುಗಿಗೆ ಕೋಟೆಯಾಗಬಹುದು. ಆದಕಾರಣ ಅದನ್ನು ಅಂದಾಜಿನಿಂದ ಹೇಳದೆ, ಜನನದ ನೋಂದಣಿಯನ್ನು ನೋಡಿ ಸರಿಯಾಗಿ ಬರೆಯಿಸಬೇಕು.

ಮಾರ್ಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಯಾಯೀರನ ಮಗಳ ವೃತ್ತಾಂತವಿದೆ. ಆಕೆಗೆ ಹನ್ನೆರಡು ವರ್ಷ. ನಮ್ಮ ಹಳ್ಳಿಗಳಲ್ಲಿ ‘ದೊಡ್ಡವಳು’ ಎನ್ನಿಸಿಕೊಳ್ಳುವ ಆ ಪ್ರಾಯದವಳನ್ನು ಕರ್ತನು ಕರೆದದ್ದು ಅರಾಮಿಕ್ ಭಾಷೆಯ ‘ತಲಿಥಾ’ ಎಂಬ ಮಾತಿನಿಂದ. ಅದಕ್ಕೆ ಚಿಕ್ಕ ಹುಡುಗಿ ಎಂದರ್ಥ. ಆಕೆಯನ್ನು ಎಬ್ಬಿಸಿದನು, ಊಟಕ್ಕೆ ಕೊಡಿರೆಂದು ಮನೆಯವರಿಗೆ ಅಪ್ಪಣೆಮಾಡಿದನು. ಹನ್ನೆರಡರ ಹುಡುಗಿಗೆ ಬೇಕಾದುದು ಇದೇ: ಎದ್ದು ನಿಲ್ಲುವ ಬಲ, ಬೆಳೆಯುವುದಕ್ಕೆ ಆಹಾರ, ಇನ್ನೂ ಚಿಕ್ಕವಳಾಗಿರಲು ಅಪ್ಪಣೆ.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಅನೇಕರು ಈಗ ತಾಯಂದಿರು, ಕೆಲವರು ಅಜ್ಜಿಯರು. ನಿಮ್ಮ ಮನೆಗಳಲ್ಲಿ ‘ದೊಡ್ಡವಳಾದಳು’ ಎಂಬ ಮಾತು ಕೇಳಿಬಂದಾಗ ಸಂತೋಷಪಡಿರಿ. ಮಾರನೆಯ ವಾರವೇ ಆಕೆಯನ್ನು ಪುಸ್ತಕದ ಚೀಲದೊಡನೆ ಶಾಲೆಗೆ ಕಳುಹಿಸಿರಿ. ಮೈ ನೆರೆದವಳ ಬುದ್ಧಿಯೂ ನೆರೆಯಲಿ, ಮನಸ್ಸೂ ದೊಡ್ಡದಾಗಲಿ.