ನಿಮಗಿದು ಗೊತ್ತೆ? ಮಳೆಯೂರಲ್ಲೂ ಕಡಲ ನೀರೇ ಗತಿ!

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಮಂಗಳೂರಿನಲ್ಲಿ ಕಾರ್ಖಾನೆಯೊಂದು ನೀರಿಲ್ಲದೆ ನಿಂತದ್ದುಂಟು. 2012ರಲ್ಲಿ ಮತ್ತು 2016ರಲ್ಲಿ ಬೇಸಿಗೆಯಲ್ಲಿ ನೇತ್ರಾವತಿ ಬತ್ತಿದಾಗ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರ ತನ್ನ ಘಟಕಗಳನ್ನು ಬಂದ್ ಮಾಡಬೇಕಾಯಿತು. ನಗರ ಕುಡಿಯುವುದೂ ಅದೇ ನದಿಯ ನೀರನ್ನೇ, ತುಂಬೆಯ ಕಿಂಡಿ ಅಣೆಕಟ್ಟಿನಿಂದ. ಮೊದಲು ಜನರಿಗೆ, ಆಮೇಲೆ ಕಾರ್ಖಾನೆಗೆ. ಅದು ನ್ಯಾಯವೇ ಬಿಡಿ.

ಹಾಗಾಗಿ ಕಂಪನಿ ಮರಳುಗಾಡಿನ ದೇಶಗಳ ದಾರಿ ಹಿಡಿಯಿತು. ತಣ್ಣೀರುಬಾವಿಯ ಕಡಲತೀರದಲ್ಲಿ ದಿನಕ್ಕೆ 3 ಕೋಟಿ ಲೀಟರ್ ಸಾಮರ್ಥ್ಯದ ಉಪ್ಪುನೀರು ಸಂಸ್ಕರಣಾ ಘಟಕ ಕಟ್ಟಿತು. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಆ ನೀರನ್ನು ಭಾರೀ ಒತ್ತಡದಲ್ಲಿ ಅತಿಸೂಕ್ಷ್ಮ ಪೊರೆಗಳ ಮೂಲಕ ದೂಡಿದರೆ ಉಪ್ಪು ಈಚೆಗೇ ಉಳಿದು ಸಿಹಿನೀರು ಆಚೆ ಬರುತ್ತದೆ. ಕರೆಂಟ್ ಖರ್ಚು ಮಾತ್ರ ಜೋರು! ಸೌದಿಯ ಜುಬೈಲ್‌ನಲ್ಲಿ ದುಡಿದು ಬಂದ ಕರಾವಳಿಯವರಿಗೆ ಇದೇನೂ ಹೊಸತಲ್ಲ. ಆ ಕೈಗಾರಿಕಾ ನಗರ ನಿಂತಿರುವುದೇ ಕಡಲ ನೀರಿನ ಮೇಲೆ.

ಕಾರ್ಖಾನೆಗಳ ನೀರಿಗೆ ಇನ್ನೊಂದು ಮೂಲ ನಮ್ಮ ನಿಮ್ಮ ಮನೆಯ ಬಚ್ಚಲು. ನಗರದ ಕೊಳಚೆನೀರು ಕಾವೂರಿನ ಘಟಕದಲ್ಲಿ ಶುದ್ಧಗೊಂಡು, ಪೈಪಿನಲ್ಲಿ ಹರಿದು ಕೈಗಾರಿಕೆಗಳಿಗೆ ಹೋಗುತ್ತದೆ. ಯಂತ್ರಗಳನ್ನು ತಂಪಾಗಿಸಲು ಅಷ್ಟು ಶುದ್ಧವಾದರೆ ಸಾಕು.